ಗಂಟು ಕರಗಿದ ಮೇಲೂ ಚಿಕಿತ್ಸೆ ಬಿಡಬೇಡಿ



ನಾನು ವೈದ್ಯನಲ್ಲ. ಜತ್ತ ತಾಲೂಕಿನ ಪೂರ್ವಭಾಗದ ಒಂದು ಹಳ್ಳಿಯವನು. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಕ್ಲಾರ್ಕನಾಗಿ ಸೇರಿ, ಕ್ಲಾರ್ಕನಾಗಿಯೇ ನಿವೃತ್ತನಾದವನು. ಇಂಥವನಿಗೆ ಕ್ಯಾನ್ಸರದ ಬಗ್ಗೆ ಮಾತನಾಡಲು ಏನು ಅಧಿಕಾರ ಎಂದು ತಾವು ಕೇಳಬಹುದು. ಕೇಳುವುದು ಸರಿಯೇ. 2018ರಲ್ಲಿ ನಮ್ಮ ಓಣಿಯ 13 ವರ್ಷದ ಒಬ್ಬ ಹುಡುಗನಿಗೆ ಈ ರೋಗ ಬಂದಾಗ ಅವನ ಜೊತೆ ನಾನು ಮಿರಜಕ್ಕೂ ಮುಂಬಯಿಗೂ ಓಡಾಡಿದೆ. ವೈದ್ಯರು ಹೇಳಿದ್ದನ್ನೆಲ್ಲ ಬ್ಯಾಂಕಿನ ಅಭ್ಯಾಸದಂತೆ ಒಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಟ್ಟೆ. ತಿಳಿಯದಿದ್ದುದನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡೆ. ಆ ವಹಿಯಲ್ಲಿರುವುದನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ. ಹುಡುಗನ ಹೆಸರು ಹೇಳುವುದಿಲ್ಲ. ಅವನನ್ನೂ ಅವನ ತಂದೆತಾಯಿಯನ್ನೂ ಕೇಳಿಯೇ ಈ ಮಾತು ಆಡುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 2017ರ ಗುಡ್ಡಾಪುರದ ದಾನಮ್ಮದೇವಿ ಜಾತ್ರೆಯ ಹೊತ್ತು. ಹುಡುಗನ ತಂದೆತಾಯಿ ಕಬ್ಬು ಕಡಿಯಲು ಹೋಗಿದ್ದರು. ನಮ್ಮ ಕಡೆ ಮಳೆ ಕಡಿಮೆ. ಸುಗ್ಗಿ ಕೈಕೊಟ್ಟರೆ ಎಷ್ಟೋ ಮನೆಗಳವರು ದಸರೆಯ ಸುಮಾರಿಗೆ ಟೋಳಿ ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಗಳ ಕಡೆ ಹೋಗುವುದು ತಮಗೆಲ್ಲ ಗೊತ್ತಿದ್ದದ್ದೇ. ಹುಡುಗ ಅಜ್ಜಿಯ ಹತ್ತಿರ ಉಳಿದಿದ್ದ. ಆ ಆಯಿ ಅವನನ್ನು ಕರಕೊಂಡು ನಮ್ಮ ಮನೆಗೆ ಬಂದಳು. "ತಮ್ಮಾ, ಇವನ ಕುತ್ತಿಗ್ಯಾಗ ಒಂದು ಗಂಟು ಬಂದೈತಿ, ನೋಡು" ಎಂದಳು. ಎಡ ಕಿವಿಯ ಕೆಳಗೆ, ದವಡೆಯ ಹಿಂದೆ, ಅಡಿಕೆಯಷ್ಟು ದೊಡ್ಡ ಗಂಟು. ಮುಟ್ಟಿದರೆ ನೋವಿಲ್ಲ, ಜ್ವರವಿಲ್ಲ. "ಮಂಗಬಾವು ಇದ್ದೀತು ಆಯಿ. ಅರಿಶಿಣ ಹಚ್ಚು, ಹೋಗ್ತದ" ಎಂದು ಹೇಳಿ ಕಳಿಸಿದೆ. ನೋವಿಲ್ಲವಲ್ಲ, ಅಂದಮೇಲೆ ಚಿಂತೆಯಿಲ್ಲ ಎಂದುಕೊಂಡೆ. ನೋವಿಲ್ಲ ಎಂಬುದೇ ಚಿಂತೆ ಮಾಡಬೇಕಾದ ಮಾತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಗಂಟು ಹೋಗಲಿಲ್ಲ. ಒಬ್ಬರು ಡಾಕ್ಟರು ಗುಳಿಗೆ ಕೊಟ್ಟರು. ಇನ್ನೊಬ್ಬರು ಇದು ಗಂಟಿನ ಟಿ.ಬಿ. ಎಂದು, ಸೂಜಿ ಹಾಕಿ ಪರೀಕ್ಷೆ ಮಾಡದೆಯೇ ಟಿ.ಬಿ. ಔಷಧ ಶುರು ಮಾಡಿದರು. ಮೂರು ತಿಂಗಳು ಹೋದವು. ಗಂಟು ನಿಂಬೆಹಣ್ಣಿನಷ್ಟಾಯಿತು. ಹುಡುಗನಿಗೆ ಎಡಗಿವಿ ಮಂದವಾಯಿತು. ಶಾಲೆಯಲ್ಲಿ ಕರೆದರೆ ಓಗೊಡುವುದಿಲ್ಲ ಎಂದು ಮಾಸ್ತರರು ಸಿಟ್ಟಾಗಿದ್ದರಂತೆ. ಮೂಗು ಯಾವಾಗಲೂ ಕಟ್ಟಿದಂತೆ ಇರುತ್ತಿತ್ತು. ಎರಡು ಸಲ ಮೂಗಿನಿಂದ ರಕ್ತ ಬಂತು. ಬೇಸಿಗೆಯ ಬಿಸಿಲಿಗೆ ಎಂದು ಆಯಿ ತಲೆಗೆ ನೀರು ತಟ್ಟಿದಳು. ಗಂಟು, ಕಿವಿ, ಮೂಗು ಇವು ಮೂರೂ ಒಂದೇ ರೋಗದ ಗುರುತು ಎಂದು ಯಾರಿಗೂ ಹೊಳೆಯಲಿಲ್ಲ.

2018ರ ಜೂನ್ ತಿಂಗಳಲ್ಲಿ ಮಿರಜದ ಒಬ್ಬ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋದೆವು. ಅವರು ಕುತ್ತಿಗೆ ಮುಟ್ಟಿ ನೋಡಿದರು, ಕಿವಿ ನೋಡಿದರು, ಆಮೇಲೆ ಮೂಗಿನೊಳಗೆ ಒಂದು ತೆಳುವಾದ ದುರ್ಬೀನು ಇಳಿಸಿ ನೋಡಿದರು. ಮೂಗಿನ ಹಿಂದೆ ಒಂದು ಗಡ್ಡೆ ಇತ್ತು. ಅದರ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನದಲ್ಲಿ ವರದಿ ಬಂತು. ಅದರ ಹೆಸರು ನೇಸೋಫೇರಿಂಜಿಯಲ್ ಕಾರ್ಸಿನೋಮಾ. ನಾನು ಅದನ್ನು ಮೂಗಿನ ಹಿಂದಿನ ಕ್ಯಾನ್ಸರ್ ಎಂದೇ ಕರೆಯುತ್ತೇನೆ.

ಈ ಜಾಗ ಎಲ್ಲಿದೆ ಎಂದು ಸ್ವಲ್ಪ ವಿವರಿಸುತ್ತೇನೆ. ನಮ್ಮ ಬಾಯಿಯಲ್ಲಿ ಕಿರುನಾಲಿಗೆ ಇದೆಯಲ್ಲ, ಅದರ ಮೇಲ್ಭಾಗದಲ್ಲಿ, ಮೂಗಿನ ಹೊಳ್ಳೆಗಳು ಹಿಂದಕ್ಕೆ ಹೋಗಿ ಮುಗಿಯುವಲ್ಲಿ ಒಂದು ಸಣ್ಣ ಕೋಣೆಯಂಥ ಜಾಗವಿದೆ. ಬಾಯಿ ತೆರೆದು ನೋಡಿದರೆ ಕಾಣುವುದಿಲ್ಲ, ಮೂಗಿನಲ್ಲಿ ಬ್ಯಾಟರಿ ಬಿಟ್ಟು ನೋಡಿದರೂ ಕಾಣುವುದಿಲ್ಲ. ಕಿವಿಯಿಂದ ಬರುವ ಒಂದು ನಳಿಕೆಯ ಬಾಯಿ ಅಲ್ಲಿಯೇ ತೆರೆಯುತ್ತದೆ. ಗಡ್ಡೆ ಬೆಳೆದು ಆ ಬಾಯಿ ಮುಚ್ಚಿದರೆ ಒಂದು ಕಿವಿ ಮಂದವಾಗುತ್ತದೆ. ಗಡ್ಡೆ ಮುಂದಕ್ಕೆ ಬೆಳೆದರೆ ಮೂಗು ಕಟ್ಟುತ್ತದೆ, ರಕ್ತ ಬರುತ್ತದೆ. ಮೇಲಕ್ಕೆ ಬೆಳೆದರೆ ತಲೆನೋವು ಬರುತ್ತದೆ, ಒಂದು ವಸ್ತು ಎರಡಾಗಿ ಕಾಣಬಹುದು. ಅಲ್ಲಿಂದ ರೋಗ ಮೊದಲು ಇಳಿಯುವುದು ಕುತ್ತಿಗೆಯ ಗ್ರಂಥಿಗಳಿಗೆ. ಆದ್ದರಿಂದ ಬಹಳ ಮಕ್ಕಳಲ್ಲಿ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಕುತ್ತಿಗೆಯ ಗಂಟೇ.

ಇದು ಯಾಕೆ ಬರುತ್ತದೆ? ಹುಡುಗನ ತಾಯಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದೇ. "ನಾವೇನು ಪಾಪ ಮಾಡಿದ್ವಿ ಕಾಕಾ?" ಎಂದಳು. ಪಾಪವೂ ಇಲ್ಲ, ಶಾಪವೂ ಇಲ್ಲ. 1964ರಲ್ಲಿ ಇಂಗ್ಲೆಂಡಿನಲ್ಲಿ ಆಂಥೊನಿ ಎಪ್‌ಸ್ಟೈನ್, ಬರ್ಟ್ ಅಚಾಂಗ್ ಮತ್ತು ಇವಾನ್ ಬಾರ್ ಎಂಬ ಮೂವರು ವಿಜ್ಞಾನಿಗಳು ಒಂದು ವೈರಾಣುವನ್ನು ಕಂಡುಹಿಡಿದರು. ಅದಕ್ಕೆ ಎಪ್‌ಸ್ಟೈನ್-ಬಾರ್ ವೈರಸ್ ಎಂದು ಹೆಸರು. ಆಫ್ರಿಕಾದ ಮಕ್ಕಳ ದವಡೆಯಲ್ಲಿ ಬರುತ್ತಿದ್ದ ಬೇರೊಂದು ಗಡ್ಡೆಯಲ್ಲಿ ಅದು ಮೊದಲು ಕಂಡಿತು. ಮಕ್ಕಳಿಗೆ ಬರುವ ಈ ಮೂಗಿನ ಹಿಂದಿನ ಕ್ಯಾನ್ಸರಿನಲ್ಲಿಯೂ ಬಹುತೇಕ ಅದೇ ವೈರಾಣು ಇರುತ್ತದೆ. ಹಾಗೆಂದು ಹೆದರಬೇಕಾಗಿಲ್ಲ. ಜಗತ್ತಿನ ಹತ್ತು ಜನ ದೊಡ್ಡವರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರ ಮೈಯಲ್ಲಿ ಈ ವೈರಾಣು ಹೊಕ್ಕು ಸುಮ್ಮನೆ ಕುಳಿತಿರುತ್ತದೆ. ಕೋಟಿಗಟ್ಟಲೆ ಜನರಿಗೆ ಅದರಿಂದ ಏನೂ ಆಗುವುದಿಲ್ಲ. ಎಲ್ಲಿಯೋ ಒಬ್ಬರಲ್ಲಿ, ಹುಟ್ಟಿನಿಂದ ಬಂದ ಗುಣ ಮತ್ತು ಬೇರೆ ಕಾರಣಗಳು ಕೂಡಿ ಕ್ಯಾನ್ಸರ್ ಆಗುತ್ತದೆ. ದಕ್ಷಿಣ ಚೀನ ಮತ್ತು ಆಗ್ನೇಯ ಏಷ್ಯಾದಲ್ಲಿ ಈ ರೋಗ ಹೆಚ್ಚು. ನಮ್ಮ ದೇಶದಲ್ಲಿ ನಾಗಾಲ್ಯಾಂಡಿನ ಕಡೆ ಹೆಚ್ಚು. ನಮ್ಮ ಭಾಗದಲ್ಲಿ ಬಹಳ ಅಪರೂಪ. ಅಪರೂಪವಾದ್ದರಿಂದಲೇ ಯಾರಿಗೂ ಅದರ ನೆನಪಾಗುವುದಿಲ್ಲ.

ಇದು ಅಂಟುರೋಗವಲ್ಲ ಎಂಬುದನ್ನೂ ಗಟ್ಟಿಯಾಗಿ ಹೇಳುತ್ತೇನೆ. ಹುಡುಗ ಊರಿಗೆ ಬಂದಾಗ ಒಂದಿಬ್ಬರು ತಮ್ಮ ಮಕ್ಕಳನ್ನು ಅವನ ಹತ್ತಿರ ಬಿಡಲಿಲ್ಲ. ಕ್ಯಾನ್ಸರ್ ಆದವನ ತಾಟಿನಲ್ಲಿ ಉಂಡರೂ, ಅವನ ಪಕ್ಕದಲ್ಲಿ ಮಲಗಿದರೂ ಕ್ಯಾನ್ಸರ್ ಬರುವುದಿಲ್ಲ.

ಇನ್ನು ಚಿಕಿತ್ಸೆಯ ವಿಚಾರಕ್ಕೆ ಬರುತ್ತೇನೆ. ಮಿರಜದ ಡಾಕ್ಟರರು, "ಮಕ್ಕಳ ಕ್ಯಾನ್ಸರ್ ವಿಭಾಗ ಇರುವಲ್ಲಿ ಹೋಗಿ" ಎಂದು ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟರು. ರಾತ್ರಿ ಮಿರಜದಲ್ಲಿ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ಹತ್ತಿದೆವು. ಹುಡುಗನ ತಂದೆ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದ. "ಆಪರೇಶನ್ ಮಾಡಿ ಗಂಟು ತಗದ್ರ ಮುಗೀತಲ್ರೀ ಕಾಕಾ?" ನಮ್ಮ ಜನಕ್ಕೆ ಕ್ಯಾನ್ಸರ್ ಎಂದರೆ ಕೊಯ್ದು ತೆಗೆಯುವುದು ಎಂದೇ ತಿಳಿವಳಿಕೆ. ಆದರೆ ಈ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ ಆಪರೇಶನ್ ಅಲ್ಲ. ಆ ಜಾಗ ತಲೆಬುರುಡೆಯ ತಳಕ್ಕೆ ಅಂಟಿಕೊಂಡಿದೆ. ಕಣ್ಣಿಗೆ, ಮುಖಕ್ಕೆ, ನುಂಗುವುದಕ್ಕೆ ಹೋಗುವ ನರಗಳು, ಮಿದುಳಿಗೆ ಹೋಗುವ ರಕ್ತನಾಳಗಳು ಅಲ್ಲಿಯೇ ಹಾಯುತ್ತವೆ. ಚಾಕು ಹಾಕಿ ಪೂರ್ತಿ ತೆಗೆಯುವುದು ಬಹಳ ಕಷ್ಟ. ದೇವರ ದಯೆ ಎಂದರೆ, ಈ ಗಡ್ಡೆ ಔಷಧಕ್ಕೂ ಕಿರಣಕ್ಕೂ ಚೆನ್ನಾಗಿ ಕರಗುವಂಥದ್ದು.

ಚಿಕಿತ್ಸೆ ಎರಡು ಹಂತದ್ದು. ಮೊದಲ ಹಂತ ಕೀಮೋಥೆರಪಿ. ಸಿಸ್‌ಪ್ಲಾಟಿನ್ ಮತ್ತು ಫೈವ್-ಎಫ್.ಯು. ಎಂಬ ಎರಡು ಔಷಧಗಳನ್ನು ಸಲಾಯಿನ್ ಮೂಲಕ ಕೆಲವು ದಿನ ಕೊಟ್ಟು, ಮೂರು ವಾರಕ್ಕೆ ಒಂದರಂತೆ ಮೂರು ಸುತ್ತು ಮಾಡಿದರು. ಎರಡನೆಯ ಹಂತ ವಿಕಿರಣ ಚಿಕಿತ್ಸೆ, ಅದರ ಜೊತೆಗೇ ಮತ್ತೆ ಸಿಸ್‌ಪ್ಲಾಟಿನ್. ವಿಕಿರಣಕ್ಕೆ ನಮ್ಮ ಜನ ಕರೆಂಟು ಕೊಡುವುದು ಎನ್ನುತ್ತಾರೆ. ವಾರಕ್ಕೆ ಐದು ದಿನ, ಒಟ್ಟು ಸುಮಾರು ಏಳು ವಾರ. ರೋಗ ಬಹಳ ಮೊದಲೇ ಸಿಕ್ಕರೆ ಕೆಲವರಿಗೆ ವಿಕಿರಣವೊಂದೇ ಸಾಕಾಗಬಹುದು. ಆದರೆ ಹೆಚ್ಚಿನ ಮಕ್ಕಳು ಬರುವಾಗ ರೋಗ ಕುತ್ತಿಗೆಗೆ ಇಳಿದೇ ಇರುತ್ತದೆ, ಆದ್ದರಿಂದ ಎರಡೂ ಬೇಕು.

ಸಿಸ್‌ಪ್ಲಾಟಿನ್ ಬಲವಾದ ಔಷಧ. ಮೂತ್ರಪಿಂಡಕ್ಕೂ ಕಿವಿಗೂ ಅದರಿಂದ ತೊಂದರೆಯಾಗಬಹುದು. ಆದ್ದರಿಂದ ಅದರ ಜೊತೆ ಬಾಟಲಿಗಟ್ಟಲೆ ಸಲಾಯಿನ್ ಹಾಕುತ್ತಾರೆ, ರಕ್ತ ನೋಡುತ್ತಾರೆ, ಕಿವಿ ಪರೀಕ್ಷೆ ಮಾಡುತ್ತಾರೆ. ವಾಂತಿ ಬರುತ್ತದೆ. ಈಗ ವಾಂತಿ ತಡೆಯುವ ಒಳ್ಳೆಯ ಔಷಧಗಳಿವೆ, ಕೇಳಿ ಪಡೆಯಬೇಕು. ಫೈವ್-ಎಫ್.ಯು. ಔಷಧದಿಂದ ಬಾಯಲ್ಲಿ ಹುಣ್ಣಾಗುತ್ತದೆ, ಭೇದಿಯಾಗಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ ಜ್ವರ. ಔಷಧ ಕೊಟ್ಟ ಒಂದೆರಡು ವಾರಕ್ಕೆ ರಕ್ತದಲ್ಲಿಯ ಬಿಳಿ ಕಣಗಳು ಇಳಿಯುತ್ತವೆ. ಆಗ ಜ್ವರ ಬಂದರೆ ರಾತ್ರಿ ಎನ್ನದೆ ಹಗಲು ಎನ್ನದೆ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹುಡುಗನ ತಾಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಮರಾಠಿ ಅಷ್ಟಿಷ್ಟು ತಿಳಿಯುತ್ತದೆ, ಹಿಂದಿ ತಿಳಿಯದು. ಜ್ವರದ ವಿಷಯ ಅವಳಿಗೆ ಹೇಳಿದ್ದರು, ಅವಳು ತಲೆಯಾಡಿಸಿದ್ದಳು. ಎರಡನೆಯ ಸುತ್ತು ಮುಗಿದ ಒಂಬತ್ತನೆಯ ದಿನ ರಾತ್ರಿ ಹುಡುಗನ ಮೈ ಬಿಸಿಯಾಯಿತು. ನಾನು ಊರಿಗೆ ಬಂದಿದ್ದೆ. ಅವಳು ಒಂದು ಜ್ವರದ ಗುಳಿಗೆ ನುಂಗಿಸಿ, ಒದ್ದೆ ಬಟ್ಟೆ ಹಾಕಿ, ಬೆಳಗಾಗುವವರೆಗೆ ಕಾದಳು. ಮುಂಜಾನೆ ಒಯ್ದಾಗ ಹುಡುಗ ನಿಲ್ಲಲಾರದಂತಾಗಿದ್ದ. ಐದು ದಿನ ಸೂಜಿಮದ್ದು ಕೊಟ್ಟು ಉಳಿಸಿದರು. ಹೇಳಿದವರ ತಪ್ಪಲ್ಲ, ಕೇಳಿದವಳ ತಪ್ಪೂ ಅಲ್ಲ. ಆಮೇಲೆ ನಾನು ಒಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಕೊಟ್ಟೆ: ಜ್ವರ ಬಂದರೆ ಆಗಲೇ ಆಸ್ಪತ್ರೆ. ಎರಡು ಹೊತ್ತು ನೀರು ಕುಡಿಯದಿದ್ದರೆ ಆಸ್ಪತ್ರೆ. ರಕ್ತ ಬಂದರೆ ಆಸ್ಪತ್ರೆ. ಕೇಳದೆ ಯಾವ ಗುಳಿಗೆಯೂ ಬೇಡ. ಅವಳಿಗೆ ಅಕ್ಷರ ಬರುತ್ತಿತ್ತು. ಆ ಕಾಗದವನ್ನು ಚಿಕಿತ್ಸೆ ಮುಗಿಯುವವರೆಗೂ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ತಮ್ಮ ಮನೆಯಲ್ಲಿ ಇಂಥ ಪ್ರಸಂಗ ಬಂದರೆ ನಮ್ಮ ಮಾತು ಬಲ್ಲ ಒಬ್ಬರನ್ನು ಮೊದಲ ದಿನವೇ ಜೊತೆಗೆ ಒಯ್ಯಿರಿ, ಇಲ್ಲವೆ ಆಸ್ಪತ್ರೆಯಲ್ಲಿಯೇ ಕನ್ನಡ ಬಲ್ಲವರನ್ನು ಹುಡುಕಿ ಕೊಡಲು ಕೇಳಿರಿ. ತಿಳಿಯದಿದ್ದರೆ ತಲೆಯಾಡಿಸಬೇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ.

ಮೂರು ಸುತ್ತು ಕೀಮೋ ಮುಗಿಯಿತು. ಸೆಪ್ಟೆಂಬರಿನ ಮೊದಲ ವಾರ. ಕುತ್ತಿಗೆಯ ಗಂಟು ಕೈಗೆ ಸಿಗದಂತೆ ಕರಗಿ ಹೋಗಿತ್ತು. ಮೂಗು ತೆರೆದಿತ್ತು, ಕಿವಿ ಕೇಳುತ್ತಿತ್ತು. ಹುಡುಗ ನಗುತ್ತಿದ್ದ. ಮನೆಯವರ ಸಂತೋಷ ಹೇಳತೀರದು. ಆಗ ತಂದೆ ನನಗೆ ಫೋನು ಮಾಡಿದ. "ಕಾಕಾ, ಗಂಟು ಹೋತಲ್ರೀ. ಇನ್ನ ಕರೆಂಟು ಯಾಕ? ಮುಕಾದಮ ದಿನಾ ಬಾಗಿಲಿಗೆ ಬರಾಕತ್ತಾನ. ನಾವು ಊರಿಗೆ ಬರ್ತೀವಿ" ಎಂದ. ಅವನ ಕಷ್ಟವೂ ಸುಳ್ಳಲ್ಲ. ಗಂಡಹೆಂಡತಿ ಇಬ್ಬರ ಹೆಸರಿನಲ್ಲಿ ಮುಕಾದಮನಿಂದ ಮುಂಗಡ ಹಣ ಪಡೆದಾಗಿತ್ತು. ಅಕ್ಟೋಬರಿನಲ್ಲಿ ಟೋಳಿ ಹೊರಡಬೇಕು. ಹೋಗದಿದ್ದರೆ ಆ ಹಣ ಬಡ್ಡಿ ಸಮೇತ ತಲೆಯ ಮೇಲೆ ಬೀಳುತ್ತದೆ. ಅದೂ ಅಲ್ಲದೆ, ಕರೆಂಟು ಕೊಟ್ಟರೆ ಹುಡುಗ ಸುಟ್ಟುಹೋಗುತ್ತಾನೆ ಎಂದು ಯಾರೋ ಹೆದರಿಸಿದ್ದರು. ಹತ್ತಿರದ ಊರಿನಲ್ಲಿ ನಾಟಿ ಔಷಧ ಕೊಡುವವರು ಇದ್ದಾರೆ ಎಂದೂ ಹೇಳಿದ್ದರು.

ಮರುದಿನವೇ ನಾನು ಮುಂಬಯಿಗೆ ಹೋದೆ. ಡಾಕ್ಟರಮ್ಮ ನಮ್ಮನ್ನು ಕೂಡಿಸಿಕೊಂಡು ತಾಳ್ಮೆಯಿಂದ ಹೇಳಿದರು. ಸ್ಕ್ಯಾನಿನಲ್ಲಿ ಗಡ್ಡೆ ಬಹಳ ಸಣ್ಣದಾಗಿದೆ, ಆದರೆ ಕಣ್ಣಿಗೂ ಯಂತ್ರಕ್ಕೂ ಕಾಣದ ಜೀವಕೋಶಗಳು ಇನ್ನೂ ಅಲ್ಲಿ ಇವೆ. ಕೀಮೋ ಒಂದರಿಂದಲೇ ಅವು ಸಾಯುವುದಿಲ್ಲ. ಈಗ ಬಿಟ್ಟರೆ ಮತ್ತೆ ಬೆಳೆಯುತ್ತವೆ, ಬೆಳೆದಾಗ ಎಲುಬಿಗೆ, ಪುಪ್ಪುಸಕ್ಕೆ, ಯಕೃತ್ತಿಗೆ ಹೋಗಬಹುದು, ಆಗ ಇದೇ ಔಷಧಗಳು ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಎಂದರು. ತಂದೆ ತಲೆ ಕೆಳಗೆ ಹಾಕಿ ಕುಳಿತಿದ್ದ. ನಾನು ಅವನಿಗೆ ನಮ್ಮ ಮಾತಿನಲ್ಲಿ ಕೇಳಿದೆ. "ಹೊಲದಾಗಿನ ಕರಿಕಿ ಮ್ಯಾಲ ಕೊಯ್ದ್ರ ಹೋಗತೈತೇನೋ? ಬೇರು ಅಲ್ಲೇ ಇರತೈತಿ. ಒಂದು ಮಳಿ ಬಿದ್ರ ಮತ್ತ ಹೊಲ ತುಂಬ ಆಗತೈತಿ. ಈಗ ಮ್ಯಾಲಿಂದು ಕೊಯ್ದಾರ. ಬೇರು ಕೀಳೂದು ಬಾಕಿ ಐತಿ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಕೀಳಿಸೂಣ ಬಿಡ್ರಿ" ಎಂದ.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಅದನ್ನು ನಾನು ಆಮೇಲೆ ಅಂಕಿಸಂಖ್ಯೆ ಸಮೇತ ತಿಳಿದುಕೊಂಡೆ. ಅಮೆರಿಕದ ಮಕ್ಕಳ ಕ್ಯಾನ್ಸರ್ ವೈದ್ಯರ ಒಕ್ಕೂಟ 2006ರಿಂದ 2012ರವರೆಗೆ ಈ ರೋಗದ 111 ಮಕ್ಕಳು ಮತ್ತು ಹದಿಹರೆಯದವರಿಗೆ ಒಂದೇ ಕ್ರಮದಲ್ಲಿ ಚಿಕಿತ್ಸೆ ಕೊಟ್ಟು ಲೆಕ್ಕ ಇಟ್ಟಿತು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಐದು ವರ್ಷದ ಲೆಕ್ಕಕ್ಕೆ ನೂರಕ್ಕೆ ಸುಮಾರು 89 ಮಂದಿ ಬದುಕಿದ್ದರು. ನೂರಕ್ಕೆ ಸುಮಾರು 84 ಮಂದಿಗೆ ರೋಗ ಮರುಕಳಿಸುವುದು ಮೊದಲಾದ ತೊಂದರೆ ಇರಲಿಲ್ಲ. ಕೀಮೋಗೆ ಗಡ್ಡೆ ಚೆನ್ನಾಗಿ ಕರಗಿದ ಮಕ್ಕಳಿಗೆ ಅವರು ವಿಕಿರಣದ ಪ್ರಮಾಣವನ್ನು 71 ಗ್ರೇಯಿಂದ 61 ಗ್ರೇಗೆ ಇಳಿಸಿದರು. ಗ್ರೇ ಎಂದರೆ ವಿಕಿರಣ ಅಳೆಯುವ ಮಾಪು. ಬೆಳೆಯುವ ಮಕ್ಕಳಿಗೆ ಅಷ್ಟು ಇಳಿದರೂ ಮುಂದಿನ ತೊಂದರೆ ಕಡಿಮೆ. ಇದರ ಅರ್ಥವನ್ನು ತಾವು ಗಮನಿಸಬೇಕು. ಗಂಟು ಕರಗಿದ್ದಕ್ಕೆ ಕಿರಣವನ್ನು ಕಡಿಮೆ ಮಾಡಿದರು, ಬಿಡಲಿಲ್ಲ. ನೂರಕ್ಕೆ 89 ಎಂಬ ಲೆಕ್ಕವೂ ಚಿಕಿತ್ಸೆ ಬಿಟ್ಟು ಹೋಗುವವರಿಗೆ ಅನ್ವಯಿಸುವುದಿಲ್ಲ. ಕಂತು ಅರ್ಧ ಕಟ್ಟಿ ಬಿಟ್ಟರೆ ಸಾಲ ಅರ್ಧ ತೀರಿದಂತಾಗುವುದಿಲ್ಲ, ಬಡ್ಡಿ ಬೆಳೆಯುತ್ತದೆ. ಬ್ಯಾಂಕಿನಲ್ಲಿ ಕುಳಿತು ಜನ್ಮವಿಡೀ ನಾನು ಕಂಡದ್ದು ಇದೇ.

ಮುಕಾದಮನ ಹತ್ತಿರವೂ ಹೋದೆ. ಅವನೂ ನಮ್ಮ ಕಡೆಯವನೇ, ಮಕ್ಕಳೊಂದಿಗನೇ. ಹೆಂಡತಿಯ ಬದಲು ತಮ್ಮನನ್ನು ಕರಕೊಂಡು ತಂದೆ ಟೋಳಿಗೆ ಹೋಗುವುದು, ತಾಯಿ ಹುಡುಗನ ಹತ್ತಿರ ಇರುವುದು ಎಂದು ಮಾತಾಯಿತು. ಹೀಗೆ ಒಂದು ದಾರಿ ತೆರೆಯಿತು. ಬಹಳ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದು ಔಷಧದ ಹಣಕ್ಕಾಗಿ ಅಲ್ಲ, ಇಂಥ ಕಾರಣಗಳಿಗಾಗಿ. ಸುಗ್ಗಿ, ಸಾಲ, ಮನೆಯಲ್ಲಿ ಉಳಿದ ಮಕ್ಕಳು, ದನಕರು. ಅದನ್ನು ಡಾಕ್ಟರರ ಮುಂದೆ ನಾಚಿಕೆಪಡದೆ ಹೇಳಬೇಕು. ಊರವರೂ ಹಣ ಕೊಡಲಾಗದಿದ್ದರೆ ಒಂದು ತಿಂಗಳು ಆ ಮನೆಯ ಎಮ್ಮೆ ನೋಡಿಕೊಳ್ಳಬಹುದು. ನಮ್ಮ ಓಣಿಯವರು ಅದನ್ನು ಮಾಡಿದರು.

ಸೆಪ್ಟೆಂಬರ್ 17ರಂದು ವಿಕಿರಣ ಶುರುವಾಯಿತು. ಅದಕ್ಕೂ ಮೊದಲು ಹಲ್ಲಿನ ಡಾಕ್ಟರರು ಹಲ್ಲುಗಳನ್ನೆಲ್ಲ ನೋಡಿ, ಕೆಟ್ಟಿದ್ದ ಒಂದನ್ನು ಕಿತ್ತರು. ವಿಕಿರಣವಾದ ಮೇಲೆ ಹಲ್ಲು ಕಿತ್ತರೆ ದವಡೆಯ ಎಲುಬು ಬೇಗ ಮಾಯುವುದಿಲ್ಲವಂತೆ, ಆದ್ದರಿಂದ ಮೊದಲೇ ನೋಡುತ್ತಾರೆ. ಆಮೇಲೆ ಜಾಲರಿಯಂಥ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಅವನ ಮುಖದ ಮೇಲೆ ಒತ್ತಿದರು. ಅದು ಆರಿ ಅವನ ಮುಖದ ಅಚ್ಚಿನ ಮುಖವಾಡವಾಯಿತು. ದಿನಾ ಅದನ್ನು ಹಾಕಿ ಮೇಜಿಗೆ ಸಿಗಿಸುತ್ತಾರೆ, ತಲೆ ಕೂದಲೆಳೆಯಷ್ಟೂ ಅಲುಗಬಾರದೆಂದು. ಮೊದಲ ದಿನ ಹುಡುಗ ಅತ್ತ. ನೋವಿಗಲ್ಲ, ಕೋಣೆಯಲ್ಲಿ ಒಬ್ಬನೇ ಇರಬೇಕಲ್ಲ ಎಂದು. ಕಿರಣ ಕೊಡುವಾಗ ನೋವಿಲ್ಲ, ಉರಿಯಿಲ್ಲ, ಕೆಲವೇ ನಿಮಿಷದ ಕೆಲಸ. ಈಗಿನ ಐ.ಎಂ.ಆರ್.ಟಿ. ಎಂಬ ಪದ್ಧತಿಯಲ್ಲಿ ಕಿರಣವನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಹಾಯಿಸಿ, ಜೊಲ್ಲು ಗ್ರಂಥಿಗಳನ್ನೂ ಮಿದುಳನ್ನೂ ಆದಷ್ಟು ಕಾಪಾಡುತ್ತಾರೆ.

ಕಷ್ಟ ಶುರುವಾದದ್ದು ಮೂರನೆಯ ವಾರಕ್ಕೆ. ಬಾಯಿ ಗಂಟಲು ಹುಣ್ಣಾಗಿ ನೀರು ನುಂಗಲೂ ಅಳುತ್ತಿದ್ದ. ಕುತ್ತಿಗೆಯ ಚರ್ಮ ಕಪ್ಪಾಯಿತು. ರುಚಿ ಹೋಯಿತು. ತೂಕ ಇಳಿದರೆ ಮುಖವಾಡ ಸಡಿಲವಾಗಿ ಕಿರಣದ ಗುರಿ ತಪ್ಪುತ್ತದೆ ಎಂದು ಡಾಕ್ಟರರು ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ತಾಯಿ ಅದರಲ್ಲಿ ಹಾಲು, ಸೋಸಿದ ಗಂಜಿ, ಬೇಳೆಯ ಕಟ್ಟು ಕೊಟ್ಟಳು. ನಳಿಕೆ ಹಾಕಿದರೆಂದರೆ ಕೊನೆಗಾಲ ಬಂತು ಎಂದು ಯಾರೂ ತಿಳಿಯಬಾರದು. ಅದು ಹೊಟ್ಟೆ ತುಂಬಿಸಲು, ಹುಣ್ಣು ಮಾಯ್ದ ಮೇಲೆ ತೆಗೆಯುತ್ತಾರೆ. ಈ ಹೊತ್ತಿನಲ್ಲಿಯೇ ಮತ್ತೆ ಬಿಟ್ಟುಬಿಡೋಣ ಎಂಬ ಮಾತು ಬರುತ್ತದೆ. ವಿಕಿರಣದ ನಡುವೆ ದಿನಗಳು ತಪ್ಪಿದರೆ ಉಳಿದ ಕೋಶಗಳು ಆ ಬಿಡುವಿನಲ್ಲಿ ಬೆಳೆದುಕೊಳ್ಳುತ್ತವೆ. ಹರಕೆ ಹೊರಿರಿ, ಅಂಗಾರ ಹಚ್ಚಿರಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಆಸ್ಪತ್ರೆಯ ಪಾಳಿ ಒಂದು ದಿನವೂ ತಪ್ಪಿಸಬೇಡಿ.

ನನ್ನ ವಹಿಯಲ್ಲಿ 34 ಮನೆಗಳ ಒಂದು ತಖ್ತೆ ಎಳೆದು ಹುಡುಗನಿಗೆ ಕೊಟ್ಟಿದ್ದೆ. ಒಂದೊಂದು ದಿನ ಮುಗಿದಾಗ ಅವನೇ ಒಂದೊಂದು ಮನೆಗೆ ಗೆರೆ ಹಾಕುತ್ತಿದ್ದ. ನವೆಂಬರ್ 5ರಂದು ಕೊನೆಯ ಮನೆಗೆ ಗೆರೆ ಬಿತ್ತು. ಎರಡು ದಿನ ಬಿಟ್ಟು ದೀಪಾವಳಿ.

ಹಣದ ವಿಚಾರ. ನಮ್ಮ ರಾಜ್ಯದಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ ಇದೆ. ಕೇಂದ್ರದ ಆಯುಷ್ಮಾನ್ ಭಾರತ ಇದೆ. ಕ್ಯಾನ್ಸರದ ಕೀಮೋ, ವಿಕಿರಣ ಎರಡೂ ಅದರಲ್ಲಿ ಬರುತ್ತವೆ. ರೇಶನ್ ಕಾರ್ಡು ಮತ್ತು ಆಧಾರ್ ಕಾರ್ಡಿನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲು ನೋಡಿರಿ. ಒಂದು ಅಕ್ಷರ ಬೇರೆಯಾಗಿ ಹದಿನೈದು ದಿನ ಅಲೆದದ್ದು ನಮಗೆ ಗೊತ್ತಿದೆ. ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬವರು ಕುಳಿತಿರುತ್ತಾರೆ, ಅವರನ್ನು ಕೇಳಿರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯವರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಇದೆ, ಮಕ್ಕಳಿಗೆ ಬೇರೆಯೇ ವಿಭಾಗವಿದೆ. ಅಲ್ಲಿಗೆ ಬರುವವರಿಗೆ ದಾದರಿನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ. ಮಕ್ಕಳ ಕ್ಯಾನ್ಸರದ ಕುಟುಂಬಗಳಿಗೆ 2006ರಿಂದ ಸೇಂಟ್ ಜೂಡ್ ಇಂಡಿಯಾದವರು ಉಚಿತವಾಗಿ ಮನೆ ಕೊಡುತ್ತಾರೆ. ಹತ್ತಿರದಲ್ಲಿ ಮಿರಜ, ಬಾರ್ಶಿ, ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ. ಆದರೆ ಇದು ಅಪರೂಪದ ರೋಗ. ಕಿರಣ ಎಲ್ಲಿಯೇ ಕೊಡಿಸಿರಿ, ಚಿಕಿತ್ಸೆಯ ಯೋಜನೆಯನ್ನು ಮಕ್ಕಳ ಕ್ಯಾನ್ಸರ್ ತಜ್ಞರಿಂದ ಮಾಡಿಸಿರಿ.

ಈಗ ಹುಡುಗ ಹೇಗಿದ್ದಾನೆ? 2023ರಲ್ಲಿ ಅವನ ಐದು ವರ್ಷದ ತಪಾಸಣೆ ಮುಗಿಯಿತು, ರೋಗದ ಗುರುತು ಇಲ್ಲ. ಶಾಲೆಯ ಒಂದು ವರ್ಷ ಹೋಯಿತು, ಆಮೇಲೆ ಓದಿ ಐ.ಟಿ.ಐ. ಮುಗಿಸಿದ. ಎಲ್ಲವೂ ಮೊದಲಿನಂತೆ ಇದೆ ಎಂದು ನಾನು ಹೇಳುವುದಿಲ್ಲ. ಜೊಲ್ಲು ಕಡಿಮೆ, ಆದ್ದರಿಂದ ಒಣ ರೊಟ್ಟಿ ನುಂಗಲಾರ. ಸಾರಿನಲ್ಲಿ ನೆನೆಸಿ ತಿನ್ನುತ್ತಾನೆ. ಎಲ್ಲಿ ಹೋದರೂ ನೀರಿನ ಬಾಟಲಿ ಜೊತೆಗಿರುತ್ತದೆ. ಹಲ್ಲು ಬೇಗ ಹುಳುಕಾಗುವುದರಿಂದ ಫ್ಲೋರೈಡ್ ಪೇಸ್ಟಿನಿಂದ ಎರಡು ಹೊತ್ತು ಉಜ್ಜುತ್ತಾನೆ. ದವಡೆ ಬಿಗಿಯದಂತೆ ಐಸ್ಕ್ರೀಮಿನ ಕಟ್ಟಿಗೆ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಬಾಯಿ ತೆರೆಯುವ ವ್ಯಾಯಾಮ ಕಲಿಸಿದ್ದರು, ಅದನ್ನು ಬಿಡದೆ ಮಾಡಿದ. 2021ರಲ್ಲಿ ಥೈರಾಯಿಡ್ ಗ್ರಂಥಿ ಮಂದವಾದದ್ದು ರಕ್ತ ಪರೀಕ್ಷೆಯಲ್ಲಿ ತಿಳಿಯಿತು, ದಿನಾ ಬೆಳಿಗ್ಗೆ ಒಂದು ಗುಳಿಗೆ ತಗೊಳ್ಳುತ್ತಾನೆ. ಎಡಗಿವಿಗೆ ಹಕ್ಕಿಯ ಸಣ್ಣ ದನಿ ಕೇಳಿಸುವುದಿಲ್ಲ. ಎತ್ತರದ ಬೆಳವಣಿಗೆ, ಥೈರಾಯಿಡ್, ಕಿವಿ, ಹಲ್ಲು ಇವುಗಳನ್ನು ನೋಡಿಸುತ್ತಲೇ ಇರಬೇಕು. ಬಹಳ ವರ್ಷಗಳ ಮೇಲೆ ಬೇರೊಂದು ಕ್ಯಾನ್ಸರ್ ಬರುವ ಸಂಭವವೂ ಸ್ವಲ್ಪ ಇರುವುದರಿಂದ, ವರ್ಷಕ್ಕೊಮ್ಮೆ ಹೋಗುವುದನ್ನು ಜನ್ಮವಿಡೀ ಬಿಡಬಾರದು. ತಂಬಾಕು, ಗುಟಖಾ ಮುಟ್ಟಲೇಬಾರದು. ಸಿಸ್‌ಪ್ಲಾಟಿನ್‌ನಿಂದ ಮಕ್ಕಳ ಕಿವಿಗಾಗುವ ಹಾನಿ ತಗ್ಗಿಸುವ ಒಂದು ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಮೈಯ ರೋಗನಿರೋಧಕ ಶಕ್ತಿಯನ್ನು ಬಳಸುವ ಹೊಸ ಔಷಧವೊಂದಕ್ಕೆ 2023ರಲ್ಲಿ, ಮುಂದುವರಿದ ರೋಗದ ದೊಡ್ಡವರಿಗಾಗಿ ಒಪ್ಪಿಗೆ ದೊರೆತಿದೆ. ಮುಂದಿನ ಮಕ್ಕಳಿಗೆ ಇನ್ನೂ ಹಗುರವಾದ ದಾರಿ ಸಿಗಲಿ.

ಕೊನೆಯದಾಗಿ ಎರಡು ಮಾತು. ಒಂದನೆಯದು, ಮಕ್ಕಳ ಕುತ್ತಿಗೆಯ ಗಂಟುಗಳಲ್ಲಿ ಬಹುಪಾಲು ಸಾಮಾನ್ಯ ಸೋಂಕಿನವು, ಕೆಲವು ಟಿ.ಬಿ.ಯವು. ಗಂಟು ಕಂಡೊಡನೆ ಕ್ಯಾನ್ಸರ್ ಎಂದು ಕಂಗಾಲಾಗಬೇಡಿ. ಆದರೆ ಎರಡು ಮೂರು ವಾರವಾದರೂ ಇಳಿಯದ, ನೋವಿಲ್ಲದ, ಬೆಳೆಯುವ ಗಂಟಿದ್ದರೆ, ಅದರ ಜೊತೆ ಒಂದೇ ಕಿವಿ ಮಂದವಾದರೆ, ಮೂಗು ಕಟ್ಟಿ ರಕ್ತ ಬಂದರೆ, ಮೂಗಿನ ಹಿಂದೆ ನೋಡಬಲ್ಲ ತಜ್ಞರಿಗೆ ತೋರಿಸಿರಿ. ಟಿ.ಬಿ. ಎಂದು ಹೇಳಿದರೆ, ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿರಿ. ಟಿ.ಬಿ. ಎಂದು ಖಾತ್ರಿಯಾದರೆ ಆ ಔಷಧವನ್ನೂ ಪೂರ್ತಿ ಮುಗಿಸಿರಿ.

ಎರಡನೆಯದು, ರೋಗ ಸಿಕ್ಕಮೇಲೆ ಚಿಕಿತ್ಸೆ ಮುಗಿಯಿತು ಎಂದು ಹೇಳಬೇಕಾದವರು ಡಾಕ್ಟರರು. ಗಂಟು ಕರಗಿತು ಎಂದು ನಾವು ಹೇಳಿಕೊಳ್ಳಬಾರದು.

ಮೊನ್ನೆ ಹುಡುಗ ನಮ್ಮ ಮನೆಯ ಫ್ಯಾನು ರಿಪೇರಿಗೆ ಬಂದಿದ್ದ. ಕೆಲಸ ಮುಗಿಸಿ, "ಮುತ್ಯಾ, ರೇಡಿಯೋದಾಗ ಹೇಳಾಕತ್ತೀರಂತ. ಆ ತಖ್ತೆದ್ದೂ ಹೇಳ್ರಿ" ಎಂದ. ಆ ಹಾಳೆಯನ್ನು ಅವನು ಇನ್ನೂ ಇಟ್ಟುಕೊಂಡಿದ್ದಾನೆ. ಅವನ ಮಾತಿನಂತೆ ಹೇಳಿದ್ದೇನೆ.